ಬೆಳಕು ಎಲ್ಲಿ ಸೋರಿತು? ಕೂಗಳತೆಯಿಂದ ಡೆಸಿಬೆಲ್‌ವರೆಗೆ

ಕಾನಹೊಸಹಳ್ಳಿ ಭಾಗದಲ್ಲಿ ನೆಟ್ ಹೋದರೆ ಕೇಳುವ ಮಾತು ಒಂದೇ: ‘ಸರ್ವರ್ ಇಲ್ಲ, ನಾಳೆ ಬನ್ನಿ.’ ಪಹಣಿಗೆ ಬಂದ ರೈತ, ರೇಷನ್ನಿಗೆ ಹೆಬ್ಬೆಟ್ಟು ಒತ್ತಲು ನಿಂತ ಅಜ್ಜಿ ದಿನದ ಕೂಲಿ ಕಳೆದುಕೊಂಡು ವಾಪಸ್ ಹೋಗುತ್ತಾರೆ. ಎಷ್ಟೋ ಸಲ ಸರ್ವರ್ ಸರಿಯಾಗಿಯೇ ಇರುತ್ತದೆ. ದಾರಿಯಲ್ಲಿ ಕೇಬಲ್ಲಿನೊಳಗಿನ ಬೆಳಕು ಸೋರಿಹೋಗಿರುತ್ತದೆ. ಈ ಸೋರಿಕೆಗೆ ಅಳತೆ ಇದೆ. ಆ ಅಳತೆ ಬಂದ ಚರಿತ್ರೆ ತಿಳಿದರೆ, ನಾವು ಏನು ಕೇಳಬೇಕು ಎನ್ನುವುದೂ ತಿಳಿಯುತ್ತದೆ.

ನಮ್ಮ ಹಿರಿಯರು ದೂರವನ್ನು ಕೂಗಿನಿಂದ ಅಳೆದರು, ‘ಕೂಗಳತೆ ದೂರ’ ಎಂದರು. ಅಮೆರಿಕದ ಟೆಲಿಫೋನ್ ಎಂಜಿನಿಯರುಗಳು ಕೂಗನ್ನೇ ದೂರದಿಂದ ಅಳೆದರು. ಒಂದು ಮೈಲಿ ಕೇಬಲ್ಲಿನಲ್ಲಿ ದನಿ ಎಷ್ಟು ಕುಗ್ಗುತ್ತದೋ ಅದೇ ಅವರ ನಷ್ಟದ ಮಾನ. 1920ರ ದಶಕದಲ್ಲಿ ಮೈಲಿ ಲೆಕ್ಕ ಹೋಗಿ ಡೆಸಿಬೆಲ್ ಬಂತು. 3 ಡೆಸಿಬೆಲ್ ಹೋದರೆ ಅರ್ಧ ಉಳಿಯುತ್ತದೆ, 10 ಹೋದರೆ ಹತ್ತರಲ್ಲಿ ಒಂದು ಪಾಲು, 20 ಹೋದರೆ ನೂರರಲ್ಲಿ ಒಂದು ಪಾಲು.

1966ರಲ್ಲಿ ಇಂಗ್ಲೆಂಡಿನಲ್ಲಿ ಚಾರ್ಲ್ಸ್ ಕಾವ್ ಮತ್ತು ಜಾರ್ಜ್ ಹಾಕ್‌ಹ್ಯಾಮ್ ಗಾಜಿನ ಎಳೆಯಲ್ಲಿ ಫೋನ್ ಮಾತು ಕಳಿಸಬಹುದು ಎಂದು ಬರೆದರು. ಆಗಿನ ಗಾಜಿನ ಎಳೆಯಲ್ಲಿ ಕಿಲೋಮೀಟರಿಗೆ ಸುಮಾರು 1000 ಡೆಸಿಬೆಲ್ ನಷ್ಟ. 20 ಮೀಟರ್ ದಾಟುವಷ್ಟರಲ್ಲಿ ನೂರರಲ್ಲಿ ಒಂದು ಪಾಲು ಉಳಿದರೆ ಹೆಚ್ಚು. ದೋಷ ಗಾಜಿನದಲ್ಲ, ಅದರೊಳಗಿನ ಕಲ್ಮಶದ್ದು. ನಷ್ಟ 20ಕ್ಕೆ ಇಳಿದರೆ ಸಾಕು ಎಂಬುದು ಅವರ ವಾದ. 1970ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿಯ ಮೌರರ್, ಕೆಕ್ ಮತ್ತು ಶುಲ್ಟ್ಸ್ 17 ಮುಟ್ಟಿದರು. 1979ಕ್ಕೆ ಜಪಾನಿನಲ್ಲಿ 0.2 ಆಯಿತು, ಅಂದರೆ 15 ಕಿ.ಮೀ. ಹೋದರೂ ಅರ್ಧ ಬೆಳಕು ಉಳಿಯುತ್ತದೆ. ಕಾವ್ ಅವರಿಗೆ 2009ರಲ್ಲಿ ನೊಬೆಲ್ ಬಂತು.

ಎಷ್ಟು ಸೋರಿತು ಎಂದು ಪವರ್ ಮೀಟರ್ ಹೇಳುತ್ತದೆ. ಎಲ್ಲಿ ಎಂಬುದಕ್ಕೆ 1976ರಲ್ಲಿ ಬರ್ನೋಸ್ಕಿ ಮತ್ತು ಜೆನ್ಸನ್ ದಾರಿ ತೋರಿಸಿದರು. ಹಾಳುಬಾವಿಗೆ ಕಲ್ಲು ಹಾಕಿ ಸದ್ದು ಬರುವ ಹೊತ್ತಿನಿಂದ ಆಳ ಅಂದಾಜು ಮಾಡುತ್ತೇವಲ್ಲ, ಹಾಗೆಯೇ ಇದು. ಎಳೆಗೆ ಬಿಟ್ಟ ಬೆಳಕಿನ ಒಂದಿಷ್ಟು ಚದುರಿ ಹಿಂದಕ್ಕೆ ಬರುತ್ತದೆ. ಕಿಲೋಮೀಟರ್ ಹೋಗಿಬರಲು ಸೆಕೆಂಡಿನ ಲಕ್ಷದಲ್ಲೊಂದು ಭಾಗ ಸಾಕು. ಆ ಹೊತ್ತು ನೋಡಿ ಒಟಿಡಿಆರ್ ಯಂತ್ರ ತುಂಡಾದ ಜಾಗವನ್ನು ಮೀಟರ್ ಲೆಕ್ಕದಲ್ಲಿ ತೋರಿಸುತ್ತದೆ.

ಸಿ-ಡಾಟ್‌ನ ಮೊದಲ ಗ್ರಾಮೀಣ ಟೆಲಿಫೋನ್ ಎಕ್ಸ್‌ಚೇಂಜ್ 1986ರಲ್ಲಿ ಶುರುವಾದದ್ದು ನಮ್ಮ ಕಿತ್ತೂರಿನಲ್ಲಿ. ಪಂಚಾಯಿತಿಗಳಿಗೆ ಕೇಬಲ್ ಎಳೆಯುವ ಯೋಜನೆಗೆ 2011ರಲ್ಲಿ ಒಪ್ಪಿಗೆ ಸಿಕ್ಕಿತು. ಮುಂದೆ ಅದೇ ಭಾರತ್‌ನೆಟ್ ಆಯಿತು. ಬಹಳ ಕಡೆ ಇದ್ದ ಹಳೆಯ ಕೇಬಲ್ಲಿಗೇ ಹೊಸದನ್ನು ಜೋಡಿಸಿದರು. ಇಂಥ ಮಾರ್ಗಕ್ಕೆ ಸಾಮಾನ್ಯವಾಗಿ ಸಿಗುವ ಒಟ್ಟು ಬಂಡವಾಳ 28 ಡೆಸಿಬೆಲ್. 20 ಕಿ.ಮೀ. ಎಳೆಗೆ 7, ನಾಲ್ಕು ಕವಲಿನ ಸ್ಪ್ಲಿಟರಿಗೆ ಸುಮಾರು 7 ಖರ್ಚು ಎನ್ನಿ. ಅರ್ಧ ಕೈಯಲ್ಲೇ ಉಳಿಯಿತು.

ಆ ಉಳಿಕೆಯನ್ನು ತಿನ್ನುವುದು ಜೆಸಿಬಿ. ಹೆದ್ದಾರಿ ಅಗಲೀಕರಣ, ನೀರಿನ ಪೈಪು, ಚರಂಡಿ, ಹೀಗೆ ಒಂದೊಂದು ಕಾಮಗಾರಿಗೂ ಕೇಬಲ್ ತುಂಡಾಗುತ್ತದೆ, ಜಾಯಿಂಟ್ ಬೀಳುತ್ತದೆ. ಯಂತ್ರದಿಂದ ಚೆನ್ನಾಗಿ ಬೆಸೆದರೆ 0.1 ಡೆಸಿಬೆಲ್‌ನಷ್ಟೂ ಹೋಗದು. ಅವಸರದ ಕೆಲಸ, ಮಣ್ಣು ಮೆತ್ತಿದ ಕನೆಕ್ಟರ್, ಬಿಗಿಯಾಗಿ ಮಡಚಿದ ಎಳೆ ಅದರ ಹತ್ತಾರು ಪಟ್ಟು ನುಂಗುತ್ತವೆ. ಕೊನೆಗೊಂದು ದಿನ ಪೆಟ್ಟಿಗೆಯ ಮೇಲೆ ಕೆಂಪು ದೀಪ ಹತ್ತುತ್ತದೆ.

‘ಸರ್ವರ್ ಇಲ್ಲ’ ಎಂಬ ಮಾತಿಗೆ ಹೊಣೆ ಹೊರುವವರಿಲ್ಲ. ‘ಇಷ್ಟನೇ ಕಿಲೋಮೀಟರಿನಲ್ಲಿ ಇಷ್ಟು ಡೆಸಿಬೆಲ್’ ಎಂದರೆ ಅಲ್ಲಿ ಯಾರು ಅಗೆದರು, ಯಾರು ಬೆಸೆದರು ಎಂದು ಹೆಸರು ಹಿಡಿದು ಕೇಳಬಹುದು. ಕೇಬಲ್ ಹಾಕಿದ ದಿನದ ಅಳತೆ ಮತ್ತು ಪ್ರತಿ ರಿಪೇರಿಯ ನಂತರದ ಅಳತೆ, ಎರಡೂ ಪಂಚಾಯಿತಿಯ ಪುಸ್ತಕದಲ್ಲಿ ಇರಲಿ. ಗ್ರಾಮಸಭೆಯಲ್ಲಿ ನಾವು ಕೇಳಬೇಕಾದದ್ದು ಆ ಎರಡು ಅಂಕಿ.