ವಜ್ರದ ಬಣ್ಣ, ಜಾಗರ್ ಓಲೆ ಮತ್ತು 'ಡಿ' ಅನ್ನೋ ಅಕ್ಷರ

ವಜ್ರದ ಬಣ್ಣದ ದರ್ಜೆ 'ಡಿ'ಯಿಂದ ಯಾಕೆ ಶುರುವಾಗುತ್ತೆ? ಎ, ಬಿ, ಸಿ ಎಲ್ಲಿ ಹೋದವು?

ಹಳೇ ಉಂಗುರ ಕೊಟ್ಟು ಸ್ವಲ್ಪ ದೊಡ್ಡ ಕಲ್ಲಿನದು ತಗೋಬೇಕು ಅಂತ ಹೊರಟವರಿಗೆ ಅಂಗಡಿಯಲ್ಲಿ ಮೊದಲು ಎದುರಾಗೋದು ಈ ಅಕ್ಷರಗಳೇ. ಇಲ್ಲಿ ಮುಂಬೈಯಲ್ಲಂತೂ "ಡಿ ಕಲರ್ ಹೈ ಸಾಹೇಬ್, ಏಕ್‌ದಂ ಸಫೇದ್" ಅಂತಲೇ ಮಾತು ಶುರು. ಬೆಲೆ ಕೇಳಿ ನಮ್ಮ ಮುಖ ಬಾಡಿದ್ರೆ "ಎಚ್ ಭೀ ಅಚ್ಛಾ ಹೈ, ಮಗರ್..." ಅಂತ ರಾಗ ಎಳೀತಾರೆ. ಆ 'ಮಗರ್' ಹಿಂದೆ ಎರಡು ಸಾವಿರ ವರ್ಷದ ಕಥೆ ಇದೆ ನೋಡಿ.

ನಮ್ಮ ಹಿರಿಯರೂ ವಜ್ರದ ಬಣ್ಣ ನೋಡಿದವರೇ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಬೆಕ್ಕಿನ ಕಣ್ಣಿನ ಬಣ್ಣ, ಶಿರೀಷ ಹೂವಿನ ಬಣ್ಣ, ಗೋಮೂತ್ರದ ಬಣ್ಣ ಅಂತೆಲ್ಲ ವಜ್ರದ ಪಟ್ಟಿಯಿದೆ. 6ನೇ ಶತಮಾನದ ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ಬಣ್ಣಗಳನ್ನ ವರ್ಣಗಳಿಗೇ ಹಂಚಿಬಿಟ್ಟ. ಬಿಳಿ ಬ್ರಾಹ್ಮಣರಿಗೆ, ಕೆಂಪು-ಹಳದಿ ಕ್ಷತ್ರಿಯರಿಗೆ, ಹೀಗೆ. ಆ ಹಂಚಿಕೆ ನಮಗೀಗ ಬೇಡ. ಆದ್ರೆ ಒಂದು ಮಾತು ಗಮನಿಸಿ, ಅಲ್ಲಿ ಹಳದಿ ಅನ್ನೋದು ದೋಷ ಆಗಿರಲಿಲ್ಲ, ರಾಜರಿಗೆ ಒಪ್ಪುವ ಬಣ್ಣ ಆಗಿತ್ತು!

17ನೇ ಶತಮಾನದಲ್ಲಿ ಫ್ರಾನ್ಸಿನ ವ್ಯಾಪಾರಿ ಟ್ಯಾವರ್ನಿಯೆ ಬಂದ. ಅವನು ನೋಡಿದ ಮೊದಲ ಗಣಿ ರಾವೋಲ್ಕೊಂಡ. ಅದು ಬಿಜಾಪುರದ ಸುಲ್ತಾನರ ಸೀಮೆಯಲ್ಲಿತ್ತು, ಬಿಜಾಪುರದಿಂದ ಎಂಟೊಂಬತ್ತು ದಿನದ ದಾರಿ ಅಂತ ಅವನೇ ಬರೆದಿದ್ದಾನೆ. ಯುರೋಪಿನವರು ಹಗಲು ಬೆಳಕಲ್ಲಿ ಕಲ್ಲು ನೋಡಿದ್ರೆ ಇಲ್ಲಿಯವರು ರಾತ್ರಿ ನೋಡ್ತಿದ್ರಂತೆ. ಗೋಡೆಯಲ್ಲಿ ಒಂದಡಿ ಗೂಡು ಕೊರೆದು, ದಪ್ಪ ಬತ್ತಿಯ ದೀಪವಿಟ್ಟು, ಬೆರಳ ತುದಿಯಲ್ಲಿ ಕಲ್ಲು ಹಿಡಿದು ಅದರ 'ನೀರು' ನೋಡೋದು. ನೀರು ಅಂದ್ರೆ ಕಲ್ಲಿನ ತಿಳಿ, ಬಣ್ಣ. ನೀಲಿ ಛಾಯೆ ಪತ್ತೆ ಹಚ್ಚೋಕೆ ದಟ್ಟ ಎಲೆಯ ಮರದ ನೆರಳಿಗೆ ಒಯ್ತಿದ್ರಂತೆ. ಆಗ ಆ ನೀಲಿ ನೀರಿನ ಕಲ್ಲೇ ಎಲ್ಲಕ್ಕಿಂತ ಕೀಳು. ಇದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

1867ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ವಜ್ರ ಸಿಕ್ಕಿತು. ಅಲ್ಲಿವರೆಗೆ ಭಾರತ, ಆಮೇಲೆ ಬ್ರೆಜಿಲ್ ಕೊಟ್ಟಿದ್ದು ಹಿಡಿಯಷ್ಟಾದ್ರೆ ಇದು ಮೂಟೆಗಟ್ಟಲೆ. ಅದರಲ್ಲಿ ತಿಳಿ ಹಳದಿ ಕಲ್ಲೇ ಬೇಕಾದಷ್ಟು. ಕಲ್ಲಿನೊಳಗೆ ಸೇರಿದ ಸಾರಜನಕ ಈ ಹಳದಿಗೆ ಕಾರಣ. ಕೇಪ್ ಪ್ರಾಂತದಿಂದ ಬಂದಿದ್ದಕ್ಕೆ ಪೇಟೆಯಲ್ಲಿ ಹಳದಿ ಕಲ್ಲಿಗೆ 'ಕೇಪ್' ಅಂತಲೇ ಹೆಸರು ಬಿತ್ತು. ತೀರಾ ಬಿಳಿಗೆ 'ರಿವರ್', ಅದರ ಕೆಳಗೆ 'ವೆಸೆಲ್ಟನ್'. ನಸುನೀಲಿ ಛಾಯೆಯ ಕಲ್ಲಿಗೆ, ಯಾಗರ್ಸ್‌ಫಾಂಟೇನ್ ಗಣಿಯ ಹೆಸರಲ್ಲಿ, 'ಜಾಗರ್'!

ಹೌದು, ನಮ್ಮ ಅಮ್ಮಂದಿರು, ಅಜ್ಜಿಯರು ಬೆಂಗಳೂರು, ಮದ್ರಾಸಿನ ಅಂಗಡಿಗಳಲ್ಲಿ ಕೇಳಿ ತಗೊಳ್ತಿದ್ದ 'ಬ್ಲೂ ಜಾಗರ್ ಓಲೆ'ಯ ಜಾಗರ್ ಇದೇ. ಟ್ಯಾವರ್ನಿಯೆ ಕಾಲದಲ್ಲಿ ಕೀಳಾಗಿದ್ದ ನೀಲಿ ಛಾಯೆ ಇಲ್ಲಿ ಮೇಲೇರಿ ಕೂತಿತ್ತು. 1971ರಲ್ಲಿ ಆ ಗಣಿ ಮುಚ್ಚಿತು. ಹೆಸರು ಮಾತ್ರ ದಕ್ಷಿಣ ಭಾರತದಲ್ಲಿ ಉಳಿದುಬಿಟ್ಟಿತು.

ಈಗ 'ಡಿ' ವಿಷಯಕ್ಕೆ ಬರೋಣ. ಅಮೆರಿಕದಲ್ಲಿ ಒಬ್ಬೊಬ್ಬ ವ್ಯಾಪಾರಿ ಒಂದೊಂದು ಹೆಸರು ಹೇಳ್ತಿದ್ದ. ಎ ಸಾಲದೇ ಎಎ, ಅದೂ ಸಾಲದೇ ಎಎಎ! 1931ರಲ್ಲಿ ರಾಬರ್ಟ್ ಶಿಪ್ಲಿ ಕಟ್ಟಿದ ಜೆಮಾಲಜಿಕಲ್ ಇನ್‌ಸ್ಟಿಟ್ಯೂಟ್ ಆಫ್ ಅಮೆರಿಕ (ಜಿಐಎ), 1953ರಲ್ಲಿ ರಿಚರ್ಡ್ ಲಿಡಿಕೋಟ್ ಮುಂದಾಳತ್ವದಲ್ಲಿ ಹೊಸ ಏಣಿ ನಿಲ್ಲಿಸಿತು. ಎ, ಬಿ, ಸಿ ಆಗಲೇ ಸವಕಲಾಗಿದ್ದವು, ಅದಕ್ಕೇ ಡಿಯಿಂದ ಶುರು ಮಾಡಿ ಜೆಡ್‌ವರೆಗೆ. ಡಿ, ಇ, ಎಫ್ ಬಣ್ಣವಿಲ್ಲದವು, ಜಿಯಿಂದ ಜೆವರೆಗೆ ಹೆಚ್ಚುಕಡಿಮೆ ಬಣ್ಣವಿಲ್ಲದವು, ಕೆಯಿಂದ ಹಳದಿ ನಿಧಾನವಾಗಿ ಕಾಣತೊಡಗುತ್ತೆ.

ಆದ್ರೆ ಈ ದರ್ಜೆ ಕೊಡೋದು ಹೇಗೆ ಗೊತ್ತಾ? ಕಲ್ಲನ್ನ ತಲೆಕೆಳಗಾಗಿಸಿ, ಬಿಳಿ ಹಿನ್ನೆಲೆಯಲ್ಲಿ, ನಿಗದಿಯಾದ ಬೆಳಕಲ್ಲಿ, ಮಾದರಿ ಕಲ್ಲುಗಳ ಪಕ್ಕ ಇಟ್ಟು ಬದಿಯಿಂದ ನೋಡ್ತಾರೆ. ಉಂಗುರ ಹಾಕ್ಕೊಂಡವರನ್ನ ಯಾರಾದ್ರೂ ಹಾಗೆ ನೋಡ್ತಾರಾ? ಬೆರಳಲ್ಲಿ ಕಲ್ಲು ಮೇಲ್ಮುಖವಾಗಿರುತ್ತೆ, ಸುತ್ತ ಚಿನ್ನ, ಕೆಳಗೆ ನಮ್ಮ ಚರ್ಮದ ಬಣ್ಣ. ದುಂಡನೆಯ ಬ್ರಿಲಿಯಂಟ್ ಕಟ್ ಕಲ್ಲಿನ ಮಿನುಗಿನಲ್ಲಿ ಜಿಗೂ ಐಗೂ ವ್ಯತ್ಯಾಸ ಹೇಳೋದು ಸಾಮಾನ್ಯ ಕಣ್ಣಿಗೆ ಕಷ್ಟ. ಹಳದಿ ಚಿನ್ನದಲ್ಲಿ ಕೂರಿಸಿದ್ರೆ ಜೆ ಕೂಡ ಬೆಳ್ಳಗೇ ಕಾಣುತ್ತೆ. ಪ್ಲಾಟಿನಂ, ಬಿಳಿ ಚಿನ್ನ, ದೊಡ್ಡ ಕಲ್ಲು, ಅಥವಾ ಎಮರಾಲ್ಡ್ ಕಟ್ ಆದ್ರೆ ಮಾತ್ರ ಬಣ್ಣ ಎದ್ದು ಕಾಣುತ್ತೆ, ಆಗ ಒಂದೆರಡು ಮೆಟ್ಟಿಲು ಮೇಲೆ ಹೋಗಬಹುದು.

ನಮ್ಮ ಮನೆಯಲ್ಲೂ ಈ ವರ್ಷ ಇದೇ ಚರ್ಚೆ. ಹೊಸ ಉಂಗುರದ ದುಡ್ಡಿಗೆ ಅತ್ತೆಯವರು ಕೊಟ್ಟುಹೋದ ಏಳು ಕಲ್ಲಿನ ಓಲೆ ಹಾಕಿಬಿಡೋಣ ಅಂತ ಮಗಳು. ಹೇಗೂ ಅಂಗಡಿಯವರು 'ಪೀಲಾ ಹೈ' ಅಂದ್ರಲ್ಲ! ನನ್ನಾಕೆ ಏನೂ ಹೇಳದೆ ಓಲೆ ಡಬ್ಬಿ ಒಳಗಿಟ್ಟಳು. ನಾನು ಅವಳ ಪರ. ಕೂರಿಸಿದ ಕಲ್ಲಿನ ಬಣ್ಣವನ್ನ ಖಚಿತವಾಗಿ ಹೇಳೋಕೇ ಬರೋದಿಲ್ಲ. ಜಿಐಎ ದರ್ಜೆ ಕೊಡೋದು ಬಿಡಿ ಕಲ್ಲಿಗೆ ಮಾತ್ರ. ಅದರಲ್ಲೂ ಹಿಂಬದಿ ಮುಚ್ಚಿದ ಹಳೇ ಕಟ್ಟಡದಲ್ಲಿ ಚಿನ್ನದ ಹಳದಿಯೂ, ವರ್ಷಗಳ ಎಣ್ಣೆ-ಕೊಳೆಯೂ ಸೇರಿಯೇ ಕಾಣುತ್ತೆ. ಒಮ್ಮೆ ಕೊಟ್ಟರೆ ಕಲ್ಲು ಬೇರೆ, ಚಿನ್ನ ಬೇರೆ ಆಗಿ ಹೋಗುತ್ತೆ. ಮತ್ತೆ ಸಿಗೋದಿಲ್ಲ.

ಪೇಟೆಯ ಮನಸ್ಸೂ ಸ್ಥಿರ ಅಲ್ಲ ನೋಡಿ. ಆಸ್ಟ್ರೇಲಿಯಾದ ಆರ್ಗೈಲ್ ಗಣಿಯಲ್ಲಿ 1980ರ ದಶಕದಲ್ಲಿ ರಾಶಿ ರಾಶಿ ಕಂದು ಕಲ್ಲು ಬಂದಾಗ ಅದಕ್ಕೆ 'ಶಾಂಪೇನ್', 'ಕೊನ್ಯಾಕ್' ಅಂತ ಹೆಸರಿಟ್ಟು ಮಾರಿದರು. ಅದರ ಸಣ್ಣ ಕಲ್ಲು ಉಜ್ಜಿಯೇ ನಮ್ಮ ಸೂರತ್ ಬೆಳೀತು. 2020ರಲ್ಲಿ ಆ ಗಣಿಯೂ ಮುಚ್ಚಿತು. ಈಗ ಲ್ಯಾಬ್‌ನಲ್ಲಿ ಬೆಳೆಸಿದ ವಜ್ರದ ಕಾಲ. ಅವು ಬಹುಪಾಲು ಮೇಲಿನ ದರ್ಜೆಯಲ್ಲೇ ಒತ್ತಾಗಿ ಸೇರುತ್ತವೆ. ಅದಕ್ಕೇ 2025ರ ಅಕ್ಟೋಬರ್‌ನಿಂದ ಜಿಐಎ ಅವುಗಳಿಗೆ ಡಿ, ಇ, ಎಫ್ ಕೊಡೋದನ್ನೇ ಬಿಟ್ಟು 'ಪ್ರೀಮಿಯಂ', 'ಸ್ಟ್ಯಾಂಡರ್ಡ್' ಅಂತಷ್ಟೇ ಹೇಳ್ತಿದೆ. ಬಿಳಿ ಸುಲಭವಾದ ಕೂಡಲೇ ಅಕ್ಷರದ ಗತ್ತು ಇಳೀತು!

ಹಾಗಾಗಿ ಬಣ್ಣ ಲೆಕ್ಕಕ್ಕಿಲ್ಲ ಅಂತ ನಾನು ಹೇಳ್ತಿಲ್ಲ. ಕೊಡುವಾಗ, ಕೊಳ್ಳುವಾಗ ಬೆಲೆ ಅದರ ಮೇಲೇ ನಿಲ್ಲುತ್ತೆ, ಸರ್ಟಿಫಿಕೇಟ್ ಇಲ್ಲದೆ ತಗೋಬೇಡಿ. ಹಳದಿ ಚಿನ್ನದ ಉಂಗುರಕ್ಕೆ ಎಚ್, ಐ ಧಾರಾಳ ಸಾಕು. ಉಳಿದ ದುಡ್ಡು ಒಳ್ಳೆ ಕಟ್‌ಗೆ ಹಾಕಿ, ಹೊಳಪು ಬರೋದು ಅಲ್ಲಿಂದ. ಡಿಗಾಗಿ ಹಿರಿಯರ ಒಡವೆ ಮಾತ್ರ ತಕ್ಕಡಿಗೆ ಹಾಕಬೇಡಿ. ಏನಂತೀರಿ?