ಮಸ್ಕಿ: ‘ದೇವಾನಾಂಪ್ರಿಯ’ನ ಹೆಸರು ಹೇಳಿದ ಬಂಡೆ

ರಾಯಚೂರು ಜಿಲ್ಲೆಯ ಸಿಂಧನೂರಿನಿಂದ ಲಿಂಗಸುಗೂರಿಗೆ ಸಾಗುವ ಹೆದ್ದಾರಿಯ ನಡುವೆ ಸಿಗುವ ಪಟ್ಟಣ ಮಸ್ಕಿ. ಸಿಂಧನೂರಿನ ಸುತ್ತ ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಭತ್ತದ ಗದ್ದೆಗಳು ಕಣ್ಣಿಗೆ ತಂಪೆರೆದರೆ, ಮಸ್ಕಿ ಸಮೀಪಿಸಿದಂತೆ ಹೆಬ್ಬಂಡೆಗಳನ್ನು ಪೇರಿಸಿಟ್ಟಂತಹ ಬೆಟ್ಟಗಳು ಎದುರಾಗುತ್ತವೆ. ಆ ಬಂಡೆಗಳಲ್ಲೊಂದರ ಮೇಲೆ ಕ್ರಿ.ಪೂ. 3ನೇ ಶತಮಾನದಲ್ಲಿ ಕೊರೆಯಲಾದ ಎಂಟು ಸಾಲುಗಳು ಭಾರತದ ಇತಿಹಾಸದ ದೊಡ್ಡ ಸಂದೇಹವೊಂದಕ್ಕೆ ಉತ್ತರ ನೀಡಿದವು. ಮೊದಲು ಲಿಂಗಸುಗೂರು ತಾಲ್ಲೂಕಿಗೆ ಸೇರಿದ್ದ ಮಸ್ಕಿ ಈಗ ಸ್ವತಂತ್ರ ತಾಲ್ಲೂಕು ಕೇಂದ್ರ.

ಯಾರು ಈ ದೇವಾನಾಂಪ್ರಿಯ?

ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬ್ರಾಹ್ಮೀ ಲಿಪಿಯನ್ನು ಓದಿದಾಗ, ದೇಶದ ನಾನಾ ಭಾಗಗಳ ಬಂಡೆ ಹಾಗೂ ಕಂಬಗಳ ಮೇಲಿನ ಶಾಸನಗಳು ಒಬ್ಬನೇ ಅರಸನವೆಂಬುದು ತಿಳಿಯಿತು. ಆದರೆ ಅವುಗಳಲ್ಲಿ ಇದ್ದುದು ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳು ಮಾತ್ರ. ದೇವಾನಾಂಪ್ರಿಯ ಎಂಬುದು ಒಬ್ಬನದೇ ಬಿರುದೂ ಆಗಿರಲಿಲ್ಲ. ಸಿಂಹಳದ ಅರಸ ತಿಸ್ಸನಿಗೂ, ಅಶೋಕನ ಮೊಮ್ಮಗ ದಶರಥನಿಗೂ ಅದು ಸಂದಿದೆ.

ಸಿಂಹಳದಲ್ಲಿದ್ದ ಜಾರ್ಜ್ ಟರ್ನರ್ ಪಾಲಿ ಗ್ರಂಥ ‘ದೀಪವಂಸ’ವನ್ನು ಆಧರಿಸಿ, ಪ್ರಿಯದರ್ಶಿಯೆಂದರೆ ಚಂದ್ರಗುಪ್ತನ ಮೊಮ್ಮಗ ಅಶೋಕನೇ ಎಂದು ಗುರುತಿಸಿದರು. ಈ ಊಹೆಯನ್ನು ವಿದ್ವಾಂಸರು ಬಹುಮಟ್ಟಿಗೆ ಒಪ್ಪಿದರೂ, ಅರಸನ ಶಾಸನಗಳಲ್ಲಿಯೇ ಅದಕ್ಕೆ ಪುರಾವೆ ಇರಲಿಲ್ಲ. ಗುಜರಾತಿನ ಜುನಾಗಢದಲ್ಲಿರುವ ರುದ್ರದಾಮನ ಶಾಸನ ಅಶೋಕ ಮೌರ್ಯನನ್ನು ಹೆಸರಿಸುತ್ತದೆಯಾದರೂ, ಅದು ನಾಲ್ಕು ಶತಮಾನಗಳ ತರುವಾಯದ್ದು. ಅಲ್ಲಿ ಈ ಬಿರುದುಗಳ ಪ್ರಸ್ತಾಪವೂ ಇಲ್ಲ.

ಚಿನ್ನ ಹುಡುಕಿದವರಿಗೆ ಸಿಕ್ಕ ಶಾಸನ

ಟರ್ನರ್ ಊಹೆಗೆ ಪುರಾವೆ ದೊರೆತದ್ದು ಸುಮಾರು ಎಂಟು ದಶಕಗಳ ನಂತರ. ಅಂದಿನ ಹೈದರಾಬಾದ್ ಸಂಸ್ಥಾನದಲ್ಲಿ ಚಿನ್ನದ ನಿಕ್ಷೇಪ ಶೋಧಿಸುತ್ತಿದ್ದ ಗಣಿ ಎಂಜಿನಿಯರ್ ಸಿ. ಬೀಡನ್ 1915ರಲ್ಲಿ ಮಸ್ಕಿಯ ಬೆಟ್ಟದಲ್ಲಿ ಈ ಬರಹವನ್ನು ಕಂಡರು. ಶಾಸನತಜ್ಞ ಎಚ್. ಕೃಷ್ಣಶಾಸ್ತ್ರಿ ಅದನ್ನು ಓದಿ ಸಂಪಾದಿಸಿದರು. ಹೈದರಾಬಾದ್ ಪುರಾತತ್ವ ಇಲಾಖೆಯ ಗ್ರಂಥಮಾಲೆಯ ಮೊದಲ ಪ್ರಕಟಣೆಯಾಗಿ ಅದು ಬೆಳಕು ಕಂಡಿತು.

ಬ್ರಾಹ್ಮೀ ಲಿಪಿ, ಪ್ರಾಕೃತ ಭಾಷೆಯ ಈ ಶಾಸನ ಆರಂಭವಾಗುವುದೇ ‘ದೇವಾನಂಪಿಯಸ ಅಸೋಕಸ’ ಎಂಬ ಪದಗಳಿಂದ. ದೇವಾನಾಂಪ್ರಿಯನಾದ ಅಶೋಕನ ಮಾತು ಎಂಬುದು ಅದರ ತಾತ್ಪರ್ಯ. ಬಿರುದಿನ ಪಕ್ಕದಲ್ಲೇ ಹೆಸರು ನಿಂತಿತ್ತು. ಗ್ರಂಥಗಳ ಅಶೋಕ ಮತ್ತು ಶಾಸನಗಳ ದೇವಾನಾಂಪ್ರಿಯ ಒಬ್ಬನೇ ಎಂಬುದು ಇದರಿಂದ ದೃಢಪಟ್ಟಿತು.

ಇತಿಹಾಸಕಾರರು ಇದನ್ನು ಅಶೋಕನ ಕಿರು ಬಂಡೆಗಲ್ಲು ಶಾಸನಗಳಲ್ಲಿ ಮೊದಲನೆಯದರ ಒಂದು ಪಾಠವೆಂದು ಗುರುತಿಸುತ್ತಾರೆ. ತಾನು ಬೌದ್ಧ ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಹೆಚ್ಚು ಕಾಲವಾಯಿತು ಎಂದು ಅರಸ ಇಲ್ಲಿ ಹೇಳಿಕೊಳ್ಳುತ್ತಾನೆ. ಧರ್ಮದಲ್ಲಿ ತೊಡಗಿದರೆ ಸಣ್ಣವನೂ ಈ ಫಲವನ್ನು ಪಡೆಯಬಲ್ಲ, ಇದು ದೊಡ್ಡವರ ಸೊತ್ತಷ್ಟೇ ಎಂದು ಭಾವಿಸಬಾರದು ಎಂಬುದು ಅವನ ಸಂದೇಶದ ತಿರುಳು.

‘ಏಕೈಕ’ವಲ್ಲ, ಮೊದಲನೆಯದು

ಅಶೋಕನ ಹೆಸರಿರುವ ಏಕೈಕ ಶಾಸನ ಮಸ್ಕಿಯದು ಎಂಬ ಮಾತು ಇಂದಿಗೂ ಕೇಳಿಬರುತ್ತದೆ. ಇದು ಹಳೆಯ ಮಾತು. ಮಧ್ಯಪ್ರದೇಶದ ದತಿಯಾ ಜಿಲ್ಲೆಯ ಗುಜರ್ರಾದಲ್ಲಿ 1950ರ ದಶಕದಲ್ಲಿ ಬೆಳಕಿಗೆ ಬಂದ ಶಾಸನದಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ, ಅಶೋಕ ಎಂಬ ಮೂರೂ ಒಟ್ಟಿಗೆ ಇವೆ. 1970ರ ದಶಕದ ಕೊನೆಯಲ್ಲಿ ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉಡೇಗೊಳಗಳಲ್ಲಿ ದೊರೆತ ಶಾಸನಗಳಲ್ಲಿಯೂ ಅಶೋಕನ ಹೆಸರಿದೆ. ಕಲಬುರಗಿ ಜಿಲ್ಲೆಯ ಸನ್ನತಿ ಬಳಿಯ ಕನಗನಹಳ್ಳಿಯಲ್ಲಿ, 1990ರ ದಶಕದ ಉತ್ಖನನದಲ್ಲಿ ‘ರಾಯೋ ಅಸೋಕೋ’ ಎಂಬ ಬರಹವುಳ್ಳ ಶಿಲ್ಪವೂ ದೊರೆಯಿತು. ಇದರಿಂದ ಮಸ್ಕಿಯ ಹಿರಿಮೆ ಕುಂದುವುದಿಲ್ಲ. ಸಂದೇಹವಿದ್ದ ಕಾಲದಲ್ಲಿ ಮೊದಲು ಹೆಸರು ಹೇಳಿದ್ದು ಈ ಬಂಡೆಯೇ.

ಚಿನ್ನದ ನಾಡು

ಮೌರ್ಯರ ಆಡಳಿತ ಇಷ್ಟು ದೂರ ಬಂದದ್ದೇಕೆ ಎಂಬ ಪ್ರಶ್ನೆಗೆ ವಿದ್ವಾಂಸರು ನೀಡುವ ಉತ್ತರಗಳಲ್ಲಿ ಚಿನ್ನವೂ ಒಂದು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಇಂದಿಗೂ ಚಿನ್ನ ತೆಗೆಯಲಾಗುತ್ತಿದ್ದು, ಅಲ್ಲಿ ಪ್ರಾಚೀನ ಗಣಿಗಾರಿಕೆಯ ಆಳವಾದ ಕುಳಿಗಳೂ ಕಂಡುಬಂದಿವೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಶಾಸನ ಸುವರ್ಣಗಿರಿಯಲ್ಲಿದ್ದ ‘ಆರ್ಯಪುತ್ರ’ನನ್ನು, ಅಂದರೆ ರಾಜಪ್ರತಿನಿಧಿಯನ್ನು ಉಲ್ಲೇಖಿಸುತ್ತದೆ. ಈ ಸುವರ್ಣಗಿರಿ ಮಸ್ಕಿ ಪರಿಸರದ್ದೆಂದು ಕೆಲವರೂ, ಕೊಪ್ಪಳ ಜಿಲ್ಲೆಯ ಕನಕಗಿರಿಯೆಂದು ಕೆಲವರೂ, ಆಂಧ್ರದ ಜೊನ್ನಗಿರಿಯೆಂದು ಮತ್ತೆ ಕೆಲವರೂ ವಾದಿಸಿದ್ದಾರೆ.

ಅಶೋಕನಿಗೂ ಮೊದಲೇ ಇಲ್ಲಿ ಜನವಸತಿ ಇತ್ತು. ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಬಿ.ಕೆ. ಥಾಪರ್ 1954ರಲ್ಲಿ ಮಸ್ಕಿಯಲ್ಲಿ ನಡೆಸಿದ ಉತ್ಖನನದಲ್ಲಿ ನವಶಿಲಾ-ತಾಮ್ರಯುಗ, ಬೃಹತ್ ಶಿಲಾಯುಗ, ಆರಂಭಿಕ ಚಾರಿತ್ರಿಕ ಕಾಲ ಮತ್ತು ಮಧ್ಯಯುಗದ ಅವಶೇಷಗಳು ಒಂದರ ಮೇಲೊಂದು ಪದರಗಳಾಗಿ ದೊರೆತವು. ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳದಲ್ಲಿ ಎಫ್.ಆರ್. ಆಲ್ಚಿನ್ 1952ರಲ್ಲಿ ನಡೆಸಿದ ಉತ್ಖನನ, ದನಗಾಹಿಗಳಾಗಿದ್ದ ನವಶಿಲಾಯುಗದ ಜನರ ಬದುಕನ್ನು ತೆರೆದಿಟ್ಟಿತು.

ಮುದಗಲ್ ಕೋಟೆ, ಜಲದುರ್ಗ ನೋಡಲು ಲಿಂಗಸುಗೂರಿಗೆ ಬರುವ ಪ್ರವಾಸಿಗರಿಗೆ ಮಸ್ಕಿ ದೂರವಲ್ಲ. ಸಿಂಧನೂರು, ಲಿಂಗಸುಗೂರು ಎರಡೂ ಕಡೆಯಿಂದ ಬಸ್ ಸೌಕರ್ಯವಿದೆ. ಶಾಸನದ ಕೆಲವು ಅಕ್ಷರಗಳು ಈಗಾಗಲೇ ಸವೆದಿವೆ. ಬಂಡೆಯನ್ನು ಮುಟ್ಟದೆ, ಅದರ ಮೇಲೆ ಏನನ್ನೂ ಗೀಚದೆ ನೋಡಿ ಬರುವುದು ಪ್ರತಿ ಸಂದರ್ಶಕರ ಹೊಣೆ. ಎರಡು ಸಾವಿರಕ್ಕೂ ಹೆಚ್ಚು ವರ್ಷ ಬಿಸಿಲು ಮಳೆಗಳನ್ನು ತಾಳಿಕೊಂಡು ಉಳಿದ ಆ ಒಂದು ಹೆಸರು ಮುಂದಿನ ತಲೆಮಾರಿನ ಕಣ್ಣಿಗೂ ಕಾಣಬೇಕು.