ಮತಪತ್ರದ ವಾಕ್ಯ, ಪಂಚಾಯಿತಿಯ ನಿಯಮ: ಶಾಲಾ ತೆರಿಗೆ ವಿನಾಯಿತಿಯ ಭಾಷೆ

ತೆರಿಗೆ ವಿನಾಯಿತಿ ಬೇಕೇ ಬೇಡವೇ ಎಂದು ಮತದಾರರನ್ನೇ ಕೇಳುವ ರೂಢಿ ಅಮೆರಿಕದ ಹಲವು ರಾಜ್ಯಗಳಲ್ಲಿದೆ. ಅಲ್ಲಿ ಶಾಲೆಗಳ ಖರ್ಚಿನ ದೊಡ್ಡ ಪಾಲು ಸ್ಥಳೀಯ ಆಸ್ತಿ ತೆರಿಗೆಯಿಂದ ಬರುವುದರಿಂದ ಈ ಪ್ರಶ್ನೆಗೆ ತೂಕ ಹೆಚ್ಚು. 2024ರ ನವೆಂಬರಿನಲ್ಲಿ ಜಾರ್ಜಿಯಾ ರಾಜ್ಯದ ಮತಪತ್ರದಲ್ಲಿದ್ದ ಒಂದನೇ ತಿದ್ದುಪಡಿಯನ್ನೇ ನೋಡಿ. ಸ್ವಂತ ಮನೆಯಲ್ಲಿ ವಾಸಿಸುವವರ ಆಸ್ತಿಯ ತೆರಿಗೆ ಮೌಲ್ಯದ ಏರಿಕೆಗೆ ಮಿತಿ ಹಾಕಲು ಶಾಸನಸಭೆಗೆ ಅಧಿಕಾರ ಕೊಡಬೇಕೆ ಎಂಬುದು ಅದರ ಮೊದಲರ್ಧ; ಕೌಂಟಿ, ನಗರ ಮತ್ತು ಶಾಲಾ ಆಡಳಿತಗಳು ನಿಗದಿತ ಕ್ರಮ ಅನುಸರಿಸಿ ಇದರಿಂದ ಹೊರಗುಳಿಯಬಹುದು ಎಂಬುದು ಬಾಲ. ಇಷ್ಟೂ ಒಂದೇ ವಾಕ್ಯ. ಮಿತಿಯನ್ನು ಹಣದುಬ್ಬರಕ್ಕೆ ಜೋಡಿಸಲಾಗಿದೆ ಎಂಬ ಮುಖ್ಯ ಸಂಗತಿಯೇ ಅದರಲ್ಲಿರಲಿಲ್ಲ. ಬಹುಮತ 'ಹೌದು' ಎಂದಿತು. 2025ರ ಮಾರ್ಚ್ 1ರ ಗಡುವಿನೊಳಗೆ ಹೆಚ್ಚಿನ ಶಾಲಾ ಆಡಳಿತಗಳು ಹೊರಗುಳಿದವು. ಅಂಥ ಕಡೆ ಮತ ಹಾಕಿದವರಿಗೆ ಶಾಲಾ ತೆರಿಗೆಯಲ್ಲಿ ಈ ವಿನಾಯಿತಿ ದಕ್ಕಲೇ ಇಲ್ಲ. ಮತಪತ್ರದ ಪ್ರಶ್ನೆ ಕ್ಲಿಷ್ಟವಾದಷ್ಟೂ ಅದನ್ನು ಖಾಲಿ ಬಿಡುವವರು ಹೆಚ್ಚುತ್ತಾರೆಂದು ಶಾನಾ ರೈಲಿ ಮತ್ತು ಶಾನ್ ರಿಚಿ 2011ರಲ್ಲಿ ತೋರಿಸಿದ್ದರು.

ನಮ್ಮ ಬೆಳಗಾವಿ ಗಡಿನಾಡಿನ ಮತಪತ್ರ ಗೊಂದಲ ಕಂಡದ್ದು ಬೇರೆ ಬಗೆಯಲ್ಲಿ. 1996ರ ಲೋಕಸಭಾ ಚುನಾವಣೆಯಲ್ಲಿ ಬೆಳಗಾವಿ ಕ್ಷೇತ್ರದ ಕಣದಲ್ಲಿದ್ದವರು 456 ಮಂದಿ. ಕರ್ನಾಟಕ–ಮಹಾರಾಷ್ಟ್ರ ಗಡಿ ವಿವಾದದ ಪ್ರತಿಭಟನೆ ನಾಮಪತ್ರಗಳ ರೂಪ ತಾಳಿತ್ತು. ಅದೇ ವರ್ಷ ಲೋಕಸಭೆಯ ಸಾಮಾನ್ಯ ಅಭ್ಯರ್ಥಿಗಳ ಠೇವಣಿ 500 ರೂಪಾಯಿಯಿಂದ 10,000ಕ್ಕೆ ಏರಿತು. ಅಲ್ಲಿ ಕಣ್ಣು ಸೋತದ್ದು ಹೆಸರುಗಳ ಸಾಲಿನಲ್ಲಿ, ವಾಕ್ಯದಲ್ಲಲ್ಲ.

ಅದೇ ಗಡಿನಾಡಿನ ಚಿಕ್ಕೋಡಿ ತಾಲ್ಲೂಕಿನ ಅಂಕಲಿ ಗ್ರಾಮದ ಮತದಾರನಿಗೆ ಪಂಚಾಯಿತಿ ಚುನಾವಣೆಯಲ್ಲಿ ಸಿಗುವುದು ಹೆಸರು ಮತ್ತು ಚಿಹ್ನೆ ಮಾತ್ರ. ಘರಪಟ್ಟಿಯ, ಅಂದರೆ ಮನೆ ತೆರಿಗೆಯ, ಪ್ರಶ್ನೆ ಮತಪತ್ರಕ್ಕೆ ಬರುವುದೇ ಇಲ್ಲ. ಹಾಗೆಂದು ಗೊಂದಲ ಇಲ್ಲವೆಂದಲ್ಲ. ಅದು ಕಾನೂನಿನ ಒಳಗೆ ಸರಿದು ಕೂತಿದೆ. 1993ರ ಕರ್ನಾಟಕ ಪಂಚಾಯತ್ ರಾಜ್ ಅಧಿನಿಯಮದ 199ನೇ ಪ್ರಕರಣ ಕೃಷಿ ಕಂದಾಯಕ್ಕೆ ಒಳಪಡದ ಜಮೀನು ಮತ್ತು ಕಟ್ಟಡಗಳ ಮೇಲೆ ತೆರಿಗೆ ವಿಧಿಸಲು ಹೇಳುತ್ತದೆ, ಆದರೆ ಯಾರಿಗೆ ವಿನಾಯಿತಿ ಎಂಬುದನ್ನು ನಿಯಮಗಳಿಗೆ ಬಿಡುತ್ತದೆ. ಅದೇ ತಾಲ್ಲೂಕಿನ ಚಿಕ್ಕೋಡಿ ಪುರಸಭೆಗೆ ಅನ್ವಯಿಸುವ 1964ರ ಪೌರಸಭೆಗಳ ಅಧಿನಿಯಮದ 94ನೇ ಪ್ರಕರಣವಾದರೋ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳು ಶಿಕ್ಷಣಕ್ಕಷ್ಟೇ ಬಳಸುವ ಕಟ್ಟಡಗಳಿಗೆ ತಾನೇ ವಿನಾಯಿತಿ ಕೊಡುತ್ತದೆ. ಒಂದು ಶಾಲೆಯ ವಿನಾಯಿತಿಗೆ ಶಾಸನದ ಬಲ, ಇನ್ನೊಂದಕ್ಕೆ ನಿಯಮದ್ದು. ನಿಯಮವನ್ನು ಸರ್ಕಾರ ಅಧಿಸೂಚನೆಯಿಂದಲೇ ಬದಲಿಸಬಹುದು. ಅಧಿನಿಯಮ ಬದಲಾಗಬೇಕಾದರೆ ಸದನಕ್ಕೆ ಬರಬೇಕು.

'ಶಿಕ್ಷಣಕ್ಕಷ್ಟೇ' ಎಂಬ ಷರತ್ತೂ ಸುಲಭದ್ದಲ್ಲ. ಶಾಲೆಯ ರಸ್ತೆ ಬದಿಯ ಗೋಡೆಗೆ ಅಂಟಿಕೊಂಡು ಎರಡು ಬಾಡಿಗೆ ಮಳಿಗೆಗಳಿದ್ದರೆ ತೆರಿಗೆ ಮಳಿಗೆಗಷ್ಟೋ, ಇಡೀ ಕಟ್ಟಡಕ್ಕೋ? ಕೆ.ಎಲ್.ಇ. ಶಿಕ್ಷಣ ಸಂಸ್ಥೆಯ ನೇತೃತ್ವವನ್ನು ದಶಕಗಳ ಕಾಲ ವಹಿಸಿದ ಪ್ರಭಾಕರ ಕೋರೆ ಅವರ ಊರಾದ ಅಂಕಲಿಯಂಥ, ಶಿಕ್ಷಣದ ನಂಟಿನ ಗ್ರಾಮಗಳಲ್ಲಿ ಇಂಥ ಷರತ್ತು ಪಂಚಾಯಿತಿಯ ನಿಯಮದಲ್ಲಿ ಬಂದರೂ ಅದು ಬರೀ ಪುಸ್ತಕದ ಪ್ರಶ್ನೆಯಲ್ಲ. ಶಾಲೆ ಕಟ್ಟದ ತೆರಿಗೆಯ ಭಾರ ಪಂಚಾಯಿತಿಯ ಬೀದಿದೀಪ, ಚರಂಡಿಗಳ ಲೆಕ್ಕಕ್ಕೆ ಬೀಳುತ್ತದೆ.

ಜಾರ್ಜಿಯಾದ ಮತದಾರ ವಾಕ್ಯವನ್ನು ಓದಿಯಾದರೂ ಮೋಸಹೋದ. ನಮ್ಮವನಿಗೆ ಓದುವ ಅವಕಾಶವೇ ಇಲ್ಲ ಎಂಬುದು ಈ ಲೇಖಕನ ಅಭಿಪ್ರಾಯ. ಆ ಅವಕಾಶ ಕೊಡಲು ಜನಮತಗಣನೆ ಬೇಕಿಲ್ಲ. ಆರು ತಿಂಗಳಿಗೊಮ್ಮೆಯಾದರೂ ಸೇರಲೇಬೇಕಾದ ಗ್ರಾಮಸಭೆ ಇದೆ. ವಿನಾಯಿತಿ ಪಡೆದ ಕಟ್ಟಡಗಳ ಪಟ್ಟಿಯನ್ನು, ಪ್ರತಿಯೊಂದಕ್ಕೂ ಆಧಾರವಾದ ನಿಯಮದ ಸಮೇತ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು ಅಲ್ಲಿ ತಿಳಿಗನ್ನಡದಲ್ಲಿ ಓದಿ ಹೇಳಲಿ.